ಮೊಲದ ನಾಲ್ಕನೆಯ ಕಾಲು

ಕಾಡಿನ ಸಾಧು ಪ್ರಾಣಿಗಳ ಬಗ್ಗೆ ಕವಿಗಳು ತೋರುವ ಕರುಣೆಯ ಕುರಿತು ಈ ಅಂಕಣಕ್ಕೆ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಹೆಚ್ಚು ಪತ್ರಗಳು ಬಂದವು. ಮೂರೂ ಬಯಲುಸೀಮೆಯ ಜಿಲ್ಲೆಗಳು. ಮಲೆನಾಡಿನಂಥ ದಟ್ಟ ಕಾಡು ಇಲ್ಲಿ ಇಲ್ಲದಿದ್ದರೂ ಬಂಡೆಗುಡ್ಡಗಳಲ್ಲಿ, ಕುರುಚಲು ಪೊದೆಗಳಲ್ಲಿ, ಕೆರೆಯಂಗಳದಲ್ಲಿ, ಗುಂಡುತೋಪುಗಳಲ್ಲಿ ಜೀವ ಹಿಡಿದುಕೊಂಡಿರುವ ಪ್ರಾಣಿಗಳು ನಮಗೆ ದಿನವೂ ಎದುರಾಗುತ್ತವೆ. ಹಾಗಾಗಿಯೇ ಇರಬೇಕು, ಬಂದ ಪ್ರಶ್ನೆಗಳಲ್ಲಿ ಹೊಲದ, ರಸ್ತೆಯ, ಶಾಲೆಯ ಬಯಲಿನ ಮಣ್ಣು ಅಂಟಿಕೊಂಡಿದೆ. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಅವನ್ನು ಮೊಟಕುಗೊಳಿಸಲು ನನಗೆ ಮನಸ್ಸಾಗಲಿಲ್ಲ.

ಪ್ರಶ್ನೆ: ಮುಂಜಾನೆ ಬಸ್ಸಿಗೆ ಹೋಗುವಾಗ, ವಾಹನಕ್ಕೆ ಸಿಕ್ಕಿ ರಸ್ತೆಯಲ್ಲಿ ಸತ್ತುಬಿದ್ದಿದ್ದ ಮೊಲವನ್ನು ನೋಡಿದೆ. ಅಂದು ರಾತ್ರಿ ಒಂದು ಕವಿತೆ ಬರೆದೆ. ಓದಿದ ಗೆಳತಿಯರ ಕಣ್ಣು ತುಂಬಿ ಬಂತು. ನಮ್ಮ ಅಧ್ಯಾಪಕರು ಮಾತ್ರ "ಇದರಲ್ಲಿ ಮೊಲವೇ ಇಲ್ಲವಲ್ಲಮ್ಮ" ಎಂದರು. ಕರುಣೆಯಿಂದ ಬರೆದದ್ದು ತಪ್ಪೇ? (ನಂದಿಬೆಟ್ಟದ ತಪ್ಪಲಿನ ಊರಿನಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ತಪ್ಪು ಖಂಡಿತ ಅಲ್ಲ. ಸತ್ತ ಮೊಲವನ್ನು ನೋಡಿ ಬಸ್ಸು ಹತ್ತಿ ಮರೆತುಬಿಡುವವರೇ ಹೆಚ್ಚಾಗಿರುವಾಗ ನೀವು ಅದನ್ನು ರಾತ್ರಿಯವರೆಗೂ ಮನಸ್ಸಿನಲ್ಲಿ ಹೊತ್ತು ತಂದಿರಿ ಎಂಬುದಕ್ಕೇ ನಿಮ್ಮ ಮೇಲೆ ನನಗೆ ಗೌರವ ಹುಟ್ಟುತ್ತದೆ. ಆದರೂ ನಿಮ್ಮ ಅಧ್ಯಾಪಕರು ಹೇಳಿದ್ದು ಸರಿ. ಪತ್ರದ ಜೊತೆ ನೀವು ಕಳುಹಿಸಿದ ಕವಿತೆಯಲ್ಲಿ ಮೊಲ ಹಾಲಿನಂತೆ ಬೆಳ್ಳಗಿದೆ, ಅದರ ಕಣ್ಣು ಮಾಣಿಕ್ಯದಂತೆ ಕೆಂಪಗಿದೆ, ಬಿಲದೊಳಗೆ ಇನ್ನೂ ಕಣ್ಣು ಬಿಡದ ಮರಿಗಳು ತಾಯಿಗಾಗಿ ಕಾಯುತ್ತಿವೆ. ಇದು ಪಂಜರದಲ್ಲಿ ಸಾಕುವ ಮೊಲದ ಚಿತ್ರ. ನಮ್ಮ ಬಯಲಿನ ಕಾಡುಮೊಲದ ಮೈ ಒಣಹುಲ್ಲಿನ ಮತ್ತು ಮಣ್ಣಿನ ಬಣ್ಣದ್ದು. ಕತ್ತಿನ ಹಿಂಬದಿಯಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ. ಅದು ಬಿಲ ತೋಡುವ ಪ್ರಾಣಿಯೂ ಅಲ್ಲ. ಹುಲ್ಲಿನ ನಡುವೆ ಅಥವಾ ಪೊದೆಯ ಬುಡದಲ್ಲಿ, ತನ್ನ ಮೈಯ ಒತ್ತಡಕ್ಕೇ ಆದ ಸಣ್ಣ ತಗ್ಗಿನಲ್ಲಿ, ಹಗಲೆಲ್ಲ ಅಡಗಿ ಕುಳಿತಿರುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಅಂದರೆ ನೀವು ರಸ್ತೆಯಲ್ಲಿ ಕಂಡದ್ದು ಒಂದು ಮೊಲ, ಅತ್ತದ್ದು ಇನ್ನೊಂದು ಮೊಲಕ್ಕೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವು ಹಟಮಾರಿಗಳ ಮೇಲೆ ಪ್ರಯೋಗಿಸುತ್ತೇವೆ. ಪದ್ಯ ಬರೆಯುವವರೂ ಅದನ್ನು ನೆನಪಿಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ. ಬಾಲ್ಯದ ಪುಸ್ತಕಗಳಿಂದ, ಗೋಡೆಯ ಕ್ಯಾಲೆಂಡರುಗಳಿಂದ ಹಿಡಿದು ಮನಸ್ಸಿನಲ್ಲಿ ಕಟ್ಟಿಹಾಕಿಕೊಂಡ ಮೊಲಕ್ಕೆ ಇರುವುದು ಮೂರೇ ಕಾಲು. ನಾಲ್ಕನೆಯದು ಹೊಲದಲ್ಲಿ ಓಡುವ ಮೊಲಕ್ಕೆ ಮಾತ್ರ ಇದೆ, ಅದನ್ನು ಎಣಿಸಬೇಕಾದರೆ ಹೊಲಕ್ಕೇ ಹೋಗಬೇಕು.

ಇಂಗ್ಲಿಷಿನ ಕವಿ ವಿಲಿಯಂ ಕೂಪರ್ ಹದಿನೆಂಟನೆಯ ಶತಮಾನದಲ್ಲಿ ಮೂರು ಕಾಡುಮೊಲಗಳನ್ನು ಮನೆಯಲ್ಲಿಟ್ಟು ಸಾಕಿದ್ದ. ತೀವ್ರ ಮನೋವ್ಯಥೆಯ ಕಾಲದಲ್ಲಿ ಅವುಗಳ ಆರೈಕೆಯೇ ಅವನಿಗೆ ಆಸರೆಯಾಗಿತ್ತು. ಅವುಗಳ ಸ್ವಭಾವವನ್ನು ವಿವರಿಸಿ 1784ರಲ್ಲಿ ಲಂಡನ್ನಿನ ಒಂದು ಪತ್ರಿಕೆಗೆ ದೀರ್ಘ ಪತ್ರವನ್ನೇ ಬರೆದ. ಮೂರರಲ್ಲಿ ಟೈನಿ ಎಂಬ ಮೊಲ ಕಡೆಯವರೆಗೂ ಪಳಗಲಿಲ್ಲ. ಅದು ಸತ್ತ ಮೇಲೆ ಬರೆದ ಪದ್ಯದಲ್ಲಿ ಕೂಪರ್ ಅದನ್ನು ಮುದ್ದಿನ ಮಾತುಗಳಿಂದ ಹೊಗಳುವುದಿಲ್ಲ. ಪ್ರತಿ ರಾತ್ರಿ ನನ್ನ ಕೈಯಿಂದಲೇ ತನ್ನ ಪಾಲನ್ನು ತಿನ್ನುತ್ತಿತ್ತು, ಆದರೂ ಅನುಮಾನದ ನೋಟದಿಂದಲೇ ತಿನ್ನುತ್ತಿತ್ತು, ಸಾಧ್ಯವಾದಾಗ ಕಚ್ಚುತ್ತಿತ್ತು ಎನ್ನುತ್ತಾನೆ. ಕಚ್ಚುತ್ತಿದ್ದ ಮೊಲವನ್ನು ಕಚ್ಚುತ್ತಿದ್ದ ಮೊಲವಾಗಿಯೇ ಪ್ರೀತಿಸಿದ ಈ ಸಾಲುಗಳ ಮುಂದೆ ನೂರು ಬಿಳಿ ಮೊಲಗಳ ಕಣ್ಣೀರು ಹಗುರವಾಗಿ ತೋರುತ್ತದೆ.

ನಿಮ್ಮ ಕವಿತೆಯನ್ನು ಹರಿದುಹಾಕಬೇಡಿ. ಅದರ ಮಧ್ಯದಲ್ಲಿ "ಓಡದೆ ಏಕೆ ನಿಂತೆ" ಎಂಬ ಒಂದು ಸಾಲಿದೆ. ಅಲ್ಲಿಂದ ಮತ್ತೆ ಆರಂಭಿಸಿ. ಮೊಲ ಏಕೆ ನಿಂತಿತು ಎಂಬುದಕ್ಕೆ ನಿಜವಾದ ಉತ್ತರವಿದೆ. ಆಪತ್ತು ಹತ್ತಿರ ಬಂದಾಗ ಮೈಯನ್ನು ನೆಲಕ್ಕೆ ಒತ್ತಿ ಅಲುಗಾಡದೆ ಕೂರುವುದು ಅದರ ಹುಟ್ಟುಗುಣ. ಮೈಬಣ್ಣ ಮಣ್ಣಿನಲ್ಲಿ ಬೆರೆತುಹೋಗುವುದರಿಂದ ಹದ್ದು ಗಿಡುಗಗಳ ಕಣ್ಣನ್ನು ತಪ್ಪಿಸಲು ಆ ನಿಶ್ಚಲತೆಯೇ ಅದಕ್ಕೆ ರಕ್ಷೆ. ಟಾರು ರಸ್ತೆಯ ಮೇಲೆ, ವಾಹನದ ದೀಪ ಕಣ್ಣಿಗೆ ರಾಚಿದಾಗ, ಎಷ್ಟೋ ತಲೆಮಾರುಗಳಿಂದ ಅದರ ವಂಶವನ್ನು ಕಾಪಾಡುತ್ತ ಬಂದ ಆ ಗುಣವೇ ಅದನ್ನು ಚಕ್ರದ ಕೆಳಗೆ ಕೂರಿಸಿಬಿಡುತ್ತದೆ. ಕತ್ತಿನ ಕಪ್ಪು ಮಚ್ಚೆಯನ್ನು ನೀವು ಆ ಬೆಳಗ್ಗೆ ನೋಡಿದ್ದಿರಾ? ನೋಡಿದ್ದರೆ ಬರೆಯಿರಿ. ಗೆಳತಿಯರು ಈ ಸಲ ಅಳದೆ ಸುಮ್ಮನೆ ಕೂರಬಹುದು, ಅದರಿಂದ ಎದೆಗುಂದಬೇಡಿ.

ಪ್ರಶ್ನೆ: ಮೈದನಹಳ್ಳಿಯ ಕೃಷ್ಣಮೃಗಗಳ ಕಾವಲಿಗೆ ನನ್ನ ಹೊಲ ಹತ್ತಿರ. ಪಟ್ಟಣದಿಂದ ಬಂದವರು ಜಿಂಕೆಯ ಕಣ್ಣು, ನಡಿಗೆ, ಓಟ ಎಂದು ಹಾಡಿಹೊಗಳಿ ಸಂಜೆಗೆ ಹೊರಟುಹೋಗುತ್ತಾರೆ. ರಾತ್ರಿ ಪೈರು ಕಾಯುವವನು ನಾನು. ಅವು ನಿರುಪದ್ರವಿ ಎಂದು ತೀರ್ಮಾನಿಸುವವರು ಯಾರು ಸ್ವಾಮಿ? (ಮಧುಗಿರಿ ತಾಲ್ಲೂಕಿನಿಂದ ಒಬ್ಬ ರೈತರು)

ಉತ್ತರ: ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು 2007ರಲ್ಲಿ ಘೋಷಣೆಯಾದ ಆ ಹುಲ್ಲುಗಾವಲಿನ ವಿಸ್ತಾರ ಸುಮಾರು 800 ಎಕರೆ. ಆ ಗಡಿ ನಕ್ಷೆಯಲ್ಲಿದೆ, ಜಿಂಕೆಯ ಕಣ್ಣಿಗೆ ಕಾಣುವುದಿಲ್ಲ. ಹಸಿರು ಎಲ್ಲಿದೆಯೋ ಅಲ್ಲಿಗೆ ಅದು ಹೋಗುತ್ತದೆ, ಮತ್ತು ಮಳೆ ಬಿದ್ದ ಮೇಲೆ ನಿಮ್ಮ ಹೊಲಕ್ಕಿಂತ ಹಸಿರಾದ ಜಾಗ ಅದಕ್ಕೆ ಇನ್ನೆಲ್ಲಿ ಸಿಗಬೇಕು? ಬಿತ್ತದವರ ಬಾಯಲ್ಲಿ "ನಿರುಪದ್ರವಿ" ಎಂಬ ಮಾತು ಸುಲಭವಾಗಿ ಬರುತ್ತದೆ ಎಂಬ ನಿಮ್ಮ ದೂರು ನ್ಯಾಯವಾದದ್ದು. ಅದನ್ನು ಬದಿಗೆ ಸರಿಸಿ ಕವಿತೆಯ ಮಾತಾಡುವುದು ನನಗೆ ಸಾಧ್ಯವಿಲ್ಲ.

ಆದರೆ ಬೆಳೆ ತಿನ್ನುವ ಪ್ರಾಣಿಯ ಬಗ್ಗೆ ಬೆಳೆದವನೇ ಬರೆದ ಒಂದು ಕವಿತೆಯ ವಿಷಯವನ್ನು ನಿಮ್ಮ ಮುಂದಿಡಬೇಕು. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಗೇಣಿಯ ಜಮೀನಿನಲ್ಲಿ ಉತ್ತು ಬದುಕುತ್ತಿದ್ದವನು. 1785ರ ನವೆಂಬರಿನಲ್ಲಿ ಹೊಲ ಉಳುವಾಗ ಅವನ ನೇಗಿಲಿಗೆ ಸಿಕ್ಕಿ ಒಂದು ಇಲಿಯ ಗೂಡು ಚೆದುರಿಹೋಯಿತು. ಚಳಿ ಕಾಲಿಡುವ ಹೊತ್ತಿಗೆ ಮನೆ ಕಳೆದುಕೊಂಡ ಇಲಿಯನ್ನು ಕುರಿತು ಅವನು ಹೇಳುತ್ತಾನೆ: ನೀನು ಕದಿಯುತ್ತೀ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೇನು, ನೀನೂ ಬದುಕಬೇಕಲ್ಲ, ಇಪ್ಪತ್ತನಾಲ್ಕು ಸಿವುಡುಗಳಲ್ಲಿ ಎಲ್ಲೋ ಒಂದು ತೆನೆ ಕೇಳುವುದು ದೊಡ್ಡ ಬೇಡಿಕೆಯಲ್ಲ. ಇಲ್ಲಿ ಅವನು ಇಲಿಯನ್ನು ನಿರುಪದ್ರವಿ ಎಂದು ಕರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಕಳ್ಳನೆಂದೇ ಒಪ್ಪಿಕೊಂಡು, ನಷ್ಟವನ್ನು ತೆನೆಯ ಲೆಕ್ಕದಲ್ಲಿ ಅಳೆದು, ಆ ಅಳತೆ ತನಗೆ ತಾಳುತ್ತದೆ ಎಂದು ತಿಳಿದ ಮೇಲೆ ಬಿಟ್ಟುಕೊಟ್ಟ. ಲೆಕ್ಕ ಹಾಕಿ ಕೊಟ್ಟ ಕರುಣೆ ಅದು. ಆ ಕವಿತೆಯನ್ನು ನಾನು ನಂಬುವುದಕ್ಕೆ ಅದೇ ಕಾರಣ.

ಇನ್ನು ನಿಮ್ಮ ಕೃಷ್ಣಮೃಗಕ್ಕೆ ಬರೋಣ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಅಟ್ಟಿಸಿಕೊಂಡು ಬರುವ ಜಿಂಕೆಯನ್ನು ಸಾರಥಿ "ಕೃಷ್ಣಸಾರ" ಎಂದು ಕರೆಯುತ್ತಾನೆ. ನಿಮ್ಮ ಹೊಲಕ್ಕೆ ಬರುವ ಪ್ರಾಣಿಯೇ ಅದು. ಓಡುತ್ತಿರುವ ಜಿಂಕೆಯನ್ನು ರಾಜ ವರ್ಣಿಸುವ ಶ್ಲೋಕ ಬಹು ಪ್ರಸಿದ್ಧವಾದುದು. ಕತ್ತನ್ನು ಚೆಲುವಾಗಿ ಹೊರಳಿಸಿ ಅದು ಮತ್ತೆ ಮತ್ತೆ ರಥವನ್ನು ತಿರುಗಿ ನೋಡುತ್ತದೆ. ಬಾಣ ಬೀಳುವ ಭಯಕ್ಕೆ ಮೈಯ ಹಿಂಭಾಗ ಮುಂಭಾಗದೊಳಕ್ಕೇ ನುಗ್ಗಿದಂತೆ ಕುಗ್ಗುತ್ತದೆ. ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆಯ ಎಳೆಗಳು ದಾರಿಯುದ್ದಕ್ಕೂ ಉದುರುತ್ತವೆ. ಎತ್ತರಕ್ಕೆ ನೆಗೆಯುತ್ತ ಅದು ನೆಲದ ಮೇಲೆ ಸ್ವಲ್ಪವೂ ಆಕಾಶದಲ್ಲಿ ಹೆಚ್ಚೂ ಚಲಿಸುತ್ತದೆ. ನೀವು ಇದನ್ನು ಸಾವಿರ ಸಲ ನೋಡಿರುವವರು. ಕವಿ ಒಂದು ಅಕ್ಷರವನ್ನೂ ಸುಳ್ಳು ಬರೆದಿಲ್ಲ ಎಂದು ನನಗಿಂತ ಚೆನ್ನಾಗಿ ನೀವೇ ಹೇಳಬಲ್ಲಿರಿ.

ಇಷ್ಟು ನಿಖರವಾಗಿ ಜಿಂಕೆಯನ್ನು ನೋಡಿದವನ ಕೈಯಲ್ಲಿ ಹೂಡಿದ ಬಾಣವಿದೆ. ಆದ್ದರಿಂದ ಮೇಲಿನ ಉತ್ತರದಲ್ಲಿ ವಿದ್ಯಾರ್ಥಿನಿಗೆ ಹೇಳಿದ ಮಾತಿಗೆ ಇಲ್ಲಿ ಒಂದು ತಿದ್ದುಪಡಿ ಸೇರಿಸುವುದು ನನ್ನ ಕರ್ತವ್ಯ: ಚೆನ್ನಾಗಿ ನೋಡುವುದು ಕರುಣೆಗೆ ಬೇಕೇ ಬೇಕು, ಆದರೆ ಬೇಟೆಗಾರನೂ ಚೆನ್ನಾಗಿಯೇ ನೋಡುತ್ತಾನೆ. ನೋಟದ ಜೊತೆಗೆ ಎತ್ತಿದ ಕೈ ತಡೆಯುವ ಒಂದು ಮಾತು ಬೇಕು. ನಾಟಕದಲ್ಲಿ ಆ ಮಾತನ್ನು ಆಡುವವರು ಆಶ್ರಮದ ತಪಸ್ವಿಗಳು. ರಥಕ್ಕೂ ಜಿಂಕೆಗೂ ನಡುವೆ ಬಂದು, ಇದು ಆಶ್ರಮದ ಮೃಗ, ಕೊಲ್ಲಬಾರದು, ಕೊಲ್ಲಬಾರದು ಎಂದು ಕೂಗುತ್ತಾರೆ. ಹತ್ತಿಯ ರಾಶಿಯ ಮೇಲೆ ಬೆಂಕಿ ಬಿದ್ದಂತೆ ಈ ಮೆತ್ತನೆಯ ಮೈಯ ಮೇಲೆ ಬಾಣ ಬೀಳಬಾರದು ಎನ್ನುತ್ತಾರೆ. ಕೊನೆಗೆ ರಾಜನಿಗೆ ಅವನ ಧರ್ಮವನ್ನು ನೆನಪಿಸುತ್ತಾರೆ: ನಿಮ್ಮ ಶಸ್ತ್ರ ಇರುವುದು ಆರ್ತರನ್ನು ಕಾಯಲು, "ನ ಪ್ರಹರ್ತುಮನಾಗಸಿ", ತಪ್ಪು ಮಾಡದವರ ಮೇಲೆ ಹೊಡೆಯಲು ಅಲ್ಲ. ದುಷ್ಯಂತ ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

"ಅನಾಗಸ್" ಎಂಬ ಪದವೇ ನಿಮ್ಮ ಪ್ರಶ್ನೆಗೆ ಉತ್ತರಕ್ಕೆ ಹತ್ತಿರವಾದದ್ದು. ಅಪರಾಧವಿಲ್ಲದ್ದು ಎಂದು ಅದರ ಅರ್ಥ. ಏನನ್ನೂ ತಿನ್ನದ್ದು ಎಂದಲ್ಲ. ಆಶ್ರಮದ ಜಿಂಕೆಗಳೂ ಧಾನ್ಯ ತಿನ್ನುತ್ತಿದ್ದವು. ನಾಲ್ಕನೆಯ ಅಂಕದಲ್ಲಿ ಗಂಡನ ಮನೆಗೆ ಹೊರಟ ಶಕುಂತಲೆಯ ಸೆರಗನ್ನು ಹಿಂದಿನಿಂದ ಎಳೆಯುವ ಜಿಂಕೆಯನ್ನು ಕಣ್ವರು ಅವಳಿಗೆ ತೋರಿಸುತ್ತಾರೆ: ದರ್ಭೆಯ ಮೊನೆ ಚುಚ್ಚಿ ಬಾಯಿ ಗಾಯವಾದಾಗ ಇಂಗುದಿಯ ಎಣ್ಣೆ ಹಚ್ಚಿ, ಹಿಡಿ ಹಿಡಿ ಶ್ಯಾಮಾಕ ಧಾನ್ಯ ತಿನ್ನಿಸಿ ನೀನು ಬೆಳೆಸಿದ ಮಗನಿವನು, ನಿನ್ನ ದಾರಿ ಬಿಡುತ್ತಿಲ್ಲ. ಅಲ್ಲಿ ಜಿಂಕೆಗೆ ಕೊಟ್ಟ ಹಿಡಿ ಧಾನ್ಯದ ಲೆಕ್ಕ ಇಡೀ ಆಶ್ರಮದ ಮೇಲೆ ಬೀಳುತ್ತಿತ್ತು. ನಿಮ್ಮ ಎರಡು ಎಕರೆ ಆಶ್ರಮವಲ್ಲ. ಜಿಂಕೆಯ ಓಟ ನೋಡಿ ನಲಿಯುವವರೆಲ್ಲ, ಅವರ ಹೆಸರಿನಲ್ಲಿ ಆಡಳಿತ ನಡೆಸುವವರೆಲ್ಲ ಆ ಧಾನ್ಯದ ಭಾರದಲ್ಲಿ ಪಾಲು ಹೊರದೆ, ನೀವೊಬ್ಬರೇ ದಯಾಳುವಾಗಿರಬೇಕೆಂದು ಬಯಸಿದರೆ ಆ ದಯೆಯ ಖರ್ಚು ಇನ್ನೊಬ್ಬರ ಕಣಜದಿಂದ ನಡೆಯುತ್ತದೆ. ಜಿಂಕೆಯ ಪದ್ಯ ಬರೆಯುವವರು ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತು ಕೂಗು ಹಾಕುವ ನಿಮ್ಮನ್ನೂ ಆ ಪದ್ಯದೊಳಗೆ ಕರೆದುಕೊಳ್ಳಬೇಕು. ಹಾಗೆ ಬರೆದ ಕವಿತೆ ಯಾರಾದರೂ ಕಳುಹಿಸಿದರೆ ಈ ಪತ್ರಿಕೆಯಲ್ಲಿ ಅದಕ್ಕೆ ಜಾಗ ಕೇಳುವವನು ನಾನೇ ಮೊದಲಿಗ.

ಪ್ರಶ್ನೆ: ಆದಿಕವಿಯ ಮೊದಲ ಶ್ಲೋಕ ಬೇಡನಿಗೆ ಕೊಟ್ಟ ಶಾಪ. ಹಕ್ಕಿಯ ಮೇಲೆ ಕರುಣೆ, ಹಸಿದ ಬೇಡನ ಮೇಲೆ ಸಿಟ್ಟು. ಇದು ಯಾವ ಬಗೆಯ ಕರುಣೆ? (ತುಮಕೂರು ನಗರದಿಂದ)

ಉತ್ತರ: ತಮಸಾ ನದಿಯ ತೀರದಲ್ಲಿ ಜೋಡಿ ಕ್ರೌಂಚಗಳಲ್ಲಿ ಗಂಡು ಬಾಣಕ್ಕೆ ಸಿಕ್ಕಿ ಉರುಳಿತು, ಹೆಣ್ಣು ಚೀರಿತು, ವಾಲ್ಮೀಕಿಯ ಬಾಯಿಂದ "ಮಾ ನಿಷಾದ" ಹೊರಟಿತು. ಕ್ರೌಂಚವೆಂದರೆ ಸಾರಸ ಕೊಕ್ಕರೆ ಎಂದು ಹಕ್ಕಿಗಳನ್ನು ಬಲ್ಲ ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಸಾರಸಗಳು ಬಹುಕಾಲ ಜೋಡಿಯಾಗಿಯೇ ಬಾಳುವ ಹಕ್ಕಿಗಳಾದ್ದರಿಂದ ಆ ಚೀರಾಟದ ತೂಕ ನಮಗೆ ಇನ್ನಷ್ಟು ತಿಳಿಯುತ್ತದೆ.

ನೀವು ಎತ್ತಿದ ಆಕ್ಷೇಪ ಮೊದಲು ಎದ್ದದ್ದು ವಾಲ್ಮೀಕಿಯ ಮನಸ್ಸಿನಲ್ಲೇ. ಶ್ಲೋಕ ಹೊರಬಿದ್ದ ಕೂಡಲೇ ಅವರು, ಈ ಹಕ್ಕಿಗಾಗಿ ಶೋಕಪಟ್ಟ ನನ್ನಿಂದ ಇದೆಂಥ ಮಾತು ಹೊರಟಿತು ಎಂದು ಚಿಂತೆಗೆ ಬೀಳುತ್ತಾರೆ. ಮುನಿಗೆ ಆ ಮಾತಿನ ಬಗ್ಗೆ ಸಮಾಧಾನವಿರಲಿಲ್ಲ, ನಮಗೂ ಇರಬೇಕಿಲ್ಲ. ಹೊಟ್ಟೆಪಾಡಿಗೆ ಬೇಟೆಯಾಡುವವನನ್ನು ಖಳನಾಗಿಸಿ, ವಿನೋದಕ್ಕೆ ಬೇಟೆಯಾಡುವವನ ಶೌರ್ಯವನ್ನು ಹೊಗಳಿದ ಪದ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾಳಿದಾಸ ತಡೆದದ್ದು ರಾಜನನ್ನು ಎಂಬುದರಿಂದಲೇ ಅವನ ಮೇಲೆ ನನಗೆ ಹೆಚ್ಚು ಗೌರವ. ಅದೇ ನಾಟಕದಲ್ಲಿ ಉಂಗುರ ಸಿಕ್ಕಿದ ಬೆಸ್ತನನ್ನು ಕಾವಲುಗಾರರು ಅವನ ಕಸುಬಿಗಾಗಿ ಹಂಗಿಸಿದಾಗ ಅವನು ಕೊಡುವ ಉತ್ತರವನ್ನೂ ಓದಿ: ಹುಟ್ಟಿನಿಂದ ಬಂದ ಕಸುಬನ್ನು, ಜನ ನಿಂದಿಸಿದರೂ, ಬಿಡಬಾರದು, ಕರುಣೆಯಿಂದ ಮೃದುವಾದ ಶ್ರೋತ್ರಿಯನೂ ಯಜ್ಞದಲ್ಲಿ ಪಶುವನ್ನು ಕೊಲ್ಲುವ ದಾರುಣ ಕೆಲಸ ಮಾಡುತ್ತಾನಲ್ಲವೇ? ವರ್ಡ್ಸ್‌ವರ್ತ್ 1800ರಲ್ಲಿ ಪ್ರಕಟಿಸಿದ ಒಂದು ಕಥನಕವನದಲ್ಲಿಯೂ ಅಪರಾಧಿ ಶ್ರೀಮಂತ ಬೇಟೆಗಾರನೇ. ಅಟ್ಟಿ ಅಟ್ಟಿ ಸಾಯಿಸಿದ ಜಿಂಕೆ ಬಿದ್ದ ಜಾಗದಲ್ಲಿ ಅವನು ವಿಲಾಸಮಂದಿರ ಕಟ್ಟಿಸುತ್ತಾನೆ, ಕಾಲ ಕಳೆದ ಮೇಲೆ ಅದು ಪಾಳುಬಿದ್ದು ಅಲ್ಲಿನ ನೀರನ್ನು ಯಾವ ಪ್ರಾಣಿಯೂ ಮುಟ್ಟುವುದಿಲ್ಲ.

ಕೊಂದವನನ್ನು ಶಪಿಸದೆ ಕೊಂದವನ ಕೈಹಿಡಿದು ನಡೆಸಿದ ಕಾವ್ಯ ಬೇಕೆಂದರೆ ಕನ್ನಡದಲ್ಲೇ ಇದೆ. 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆಯಲ್ಲಿ ತಾಯಿಯ ಒತ್ತಾಯಕ್ಕೆ ರಾಜ ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆಮೇಲೆ ರಾಜ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಜನ್ಮಜನ್ಮಗಳಲ್ಲಿ ಪ್ರಾಣಿಗಳ ಮೈಯೊಳಗೇ ಬದುಕಿ ನೋವು ತಿನ್ನುತ್ತಾರೆ. ನವಿಲಿನ ಭಯವನ್ನು ಹೊರಗೆ ನಿಂತು ನೋಡದೆ ನವಿಲಿನ ಒಳಗಿನಿಂದಲೇ ಓದುಗನಿಗೆ ಉಣಿಸುವ ಈ ಕ್ರಮ ಶಾಪಕ್ಕಿಂತ ಆಳಕ್ಕೆ ಇಳಿಯುತ್ತದೆ.

ಪ್ರಶ್ನೆ: ಕವಿಗಳ ಕರುಣೆ ಜಿಂಕೆ, ಗಿಳಿ, ಕೋಗಿಲೆಗಳಿಗೇ ಏಕೆ ಮೀಸಲು? ನಮ್ಮ ಜಿಲ್ಲೆಯಲ್ಲಿ ಮಾತ್ರ ಇರುವ ಬಾವಲಿಯ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲವಲ್ಲ? (ಕೋಲಾರದಿಂದ)

ಉತ್ತರ: ನಮ್ಮ ಕಾವ್ಯದ ಪಟ್ಟಿ ಚಿಕ್ಕದಾಗಿಯೇ ಉಳಿಯಿತು. ಪಂಪ ಬನವಾಸಿಯಲ್ಲಿ ಮರಿದುಂಬಿಯಾಗಿ ಇಲ್ಲವೇ ಕೋಗಿಲೆಯಾಗಿ ಹುಟ್ಟಲು ಬಯಸಿದ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದ್ದು ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು. ಅಕ್ಕನ ವಚನದ ಆರ್ತತೆಗೆ ಎಣೆಯಿಲ್ಲ. ಅದರ ಅನುಕರಣೆಯಲ್ಲಿ ಅದೇ ಐದು ಹೆಸರುಗಳನ್ನು ತಿರುಗಿ ತಿರುಗಿ ಬರೆದ ನಮ್ಮ ಕಾಲದವರದ್ದು ಕೊರತೆ.

ನೀವು ಹೇಳುವುದು ಎಲೆಮೂಗಿನ ಬಾವಲಿಯನ್ನು. ವಿಜ್ಞಾನಿಗಳು 1994ರಲ್ಲಿ ಪ್ರತ್ಯೇಕ ಜಾತಿಯೆಂದು ವಿವರಿಸಿದ ಈ ಪುಟ್ಟ ಪ್ರಾಣಿ ಇಂದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರುವುದು ಕಂಡುಬಂದಿಲ್ಲ. ಉಳಿದಿರುವ ಸಂಖ್ಯೆ ಕೆಲವು ನೂರನ್ನೂ ಮುಟ್ಟುವುದಿಲ್ಲ. ಅದು ತಿನ್ನುವುದು ಹುಳುಹುಪ್ಪಟೆಗಳನ್ನು. ಯಾರ ಹಣ್ಣಿನ ತೋಟಕ್ಕೂ ಹೋಗುವುದಿಲ್ಲ. ಅದಕ್ಕೆ ಕುತ್ತು ತಂದದ್ದು ಕಲ್ಲುಗಣಿಗಾರಿಕೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಯಾರೂ ನೋಡದ ಕಾಡಿನಲ್ಲಿ ಅರಳುವ ವನಸುಮವನ್ನು ಕುರಿತು ಹಾಡಿದರು. ಯಾರೂ ನೋಡದ ಗುಹೆಯಲ್ಲಿ ತಲೆಕೆಳಗಾಗಿ ತೂಗುವ ಈ ಜೀವಕ್ಕೆ ಅಂಥದೊಂದು ಹಾಡು ಇದೇ ಮಣ್ಣಿನಿಂದ ಬರಬೇಕೆಂದು ನಾನು ಮನಸಾರೆ ಹಾರೈಸುತ್ತೇನೆ. ಅದಕ್ಕಾಗಿ ಗುಹೆಯೊಳಗೆ ಹೋಗಿ ಅವುಗಳ ನಿದ್ದೆ ಕೆಡಿಸಬೇಡಿ; ಸಂಜೆ ಹೊರಗೆ ದೂರದಲ್ಲಿ ಕುಳಿತರೆ ಸಾಕು.

ಕವಿಗಳು ಬರೆಯದೆ ಬಿಟ್ಟ ಕಡೆ ಜನ ಒಮ್ಮೊಮ್ಮೆ ಒಂದೇ 'ಪದ'ದಲ್ಲಿ ಕವಿತೆ ಬರೆದಿಟ್ಟಿದ್ದಾರೆ. ತುಮಕೂರಿನ ಬಳಿಯ ನಾಗವಲ್ಲಿಯ ತೋಟ, ಬೇಲಿಸಾಲುಗಳಲ್ಲಿ ಇರುಳು ಹೊತ್ತು ನಿಧಾನವಾಗಿ ರೆಂಬೆ ಹಿಡಿದು ನಡೆಯುವ, ಮುಖಕ್ಕಿಂತ ಕಣ್ಣೇ ದೊಡ್ಡದೆನ್ನಿಸುವ, ಹುಳ ತಿಂದು ಬದುಕುವ ಪುಟ್ಟ ಪ್ರಾಣಿಗೆ ಕನ್ನಡದಲ್ಲಿ ಕಾಡುಪಾಪ ಎಂದು ಹೆಸರು. ಪಾಪ ಎಂದರೆ ಮಗು. ಯಾರಿಗಾದರೂ ನೋವಾದದ್ದು ಕಂಡಾಗ ನಮ್ಮ ಬಾಯಿಂದ ತಾನಾಗಿ ಹೊರಡುವ "ಅಯ್ಯೋ ಪಾಪ" ಕೂಡ ಅದೇ ಪದ. ಮಾಡಬಾರದ್ದನ್ನು ಮಾಡಿದರೆ ಅಂಟುವುದೂ ಪಾಪವೇ. ಮೂರೂ ಅರ್ಥಗಳು ಒಂದು ಪ್ರಾಣಿಯ ಹೆಸರಿನಲ್ಲಿ ಕೂಡಿಕೊಂಡಿರುವುದನ್ನು ಭಾಷೆಯ ಆಕಸ್ಮಿಕ ಎನ್ನುವವರು ಎನ್ನಲಿ. ಮಾಟಮಂತ್ರದ ನಂಬಿಕೆಯಿಂದ ಅದರ ಕಣ್ಣಿಗಾಗಿ ಅದನ್ನು ಹಿಡಿದು ಹಿಂಸಿಸಿದ ಕೃತ್ಯಗಳನ್ನು ಕೇಳಿದಾಗಲೆಲ್ಲ ನನಗೆ ಆ ಹೆಸರು ಎದೆಗೆ ಬಡಿಯುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಓತಿಕ್ಯಾತ ಕಂಡರೆ ಕಲ್ಲು ಎತ್ತುತ್ತಾರೆ. ಅದರ ಗಂಟಲು ಕೆಂಪಾದರೆ ದೂರದಿಂದಲೇ ನಮ್ಮ ರಕ್ತ ಹೀರುತ್ತಿದೆ ಎಂದು ನಂಬಿದ್ದಾರೆ. ಇವರಿಗೆ ಯಾವ ಪದ್ಯ ಕಲಿಸಲಿ? (ಶಿರಾ ತಾಲ್ಲೂಕಿನಿಂದ ಒಬ್ಬ ಶಿಕ್ಷಕಿ)

ಉತ್ತರ: ತಾಯೀ, ಪದ್ಯವನ್ನು ಮೊದಲ ದಿನವೇ ಕಲಿಸಬೇಡಿ. "ದಯವೇ ಧರ್ಮದ ಮೂಲವಯ್ಯ" ಎಂಬ ವಚನ ನಿಮ್ಮ ಮಕ್ಕಳಿಗೆ ಈಗಾಗಲೇ ಬಾಯಿಪಾಠ ಬಂದಿರುತ್ತದೆ. ಬೆಳಿಗ್ಗೆ ಅದನ್ನು ಹಾಡಿ ಮಧ್ಯಾಹ್ನ ಕಲ್ಲು ಎತ್ತುವುದರಲ್ಲಿ ಅವರಿಗೆ ವಿರೋಧವೇ ಕಾಣುವುದಿಲ್ಲ, ಏಕೆಂದರೆ ವಚನದಲ್ಲಿರುವ "ಸಕಲ ಪ್ರಾಣಿ"ಗಳ ಸಾಲಿನಲ್ಲಿ ಬೇಲಿಯ ಮೇಲಿನ ಓತಿಕ್ಯಾತ ಸೇರಿದೆ ಎಂದು ಅವರಿಗೆ ಯಾರೂ ತೋರಿಸಿಲ್ಲ. ದೊಡ್ಡವರಾದ ನಾವೂ ಇದಕ್ಕಿಂತ ಮುಂದೆ ಹೋಗಿಲ್ಲ. ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು, ದಿಟದ ನಾಗರ ಕಂಡರೆ ಕೊಲ್ಲೆಂಬರಯ್ಯಾ ಎಂದು ಬಸವಣ್ಣನವರು ಎಂಟು ಶತಮಾನಗಳ ಹಿಂದೆ ಆಡಿದ ಮಾತು ಇವತ್ತಿಗೂ ನಾಗರಪಂಚಮಿಯ ಮರುದಿನವೇ ನಿಜವಾಗುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ರಾಗಿ ಹೊಲದ ಬದುವಿನಲ್ಲಿ ದೊಡ್ಡವರು ಒಂದು ಕೇರೆ ಹಾವನ್ನು ದೊಣ್ಣೆಯಿಂದ ಬಡಿದು ಕೊಂದರು. ಹಲ್ಲಿನಲ್ಲಿ ವಿಷವಿಲ್ಲದ, ಹೊಲದ ಇಲಿಗಳನ್ನು ತಿಂದು ರಾಗಿಯನ್ನು ಕಾಯುವ ಹಾವು ಅದು. ನಾನೂ ಒಂದು ಕಲ್ಲು ಎಸೆದಿದ್ದೆ. ಆ ವಚನವನ್ನು ಶಾಲೆಯಲ್ಲಿ ಅರ್ಥಸಹಿತ ಬರೆದು ಪೂರ್ತಿ ಅಂಕ ಪಡೆದದ್ದು ಅದೇ ವರ್ಷ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಬೇಸಿಗೆ ಕಳೆದು ಮಳೆ ಹಿಡಿಯುವ ದಿನಗಳಲ್ಲಿ, ಗಂಡು ಓತಿಕ್ಯಾತಗಳ ಗಂಟಲು ಕೆಂಪೇರುವ ಕಾಲದಲ್ಲಿ, ಮಕ್ಕಳನ್ನು ಬೇಲಿಯಿಂದ ಹತ್ತು ಹೆಜ್ಜೆ ದೂರ ಕೂರಿಸಿ. ಆ ಕೆಂಪು ಅದರದೇ ಮೈಯ ಬಣ್ಣ, ಹೆಣ್ಣನ್ನು ಒಲಿಸಿಕೊಳ್ಳಲು ಮತ್ತು ಇತರ ಗಂಡುಗಳನ್ನು ದೂರವಿಡಲು ತೊಟ್ಟದ್ದು ಎಂದು ತಿಳಿಸಿ. ಅದು ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಮುಂಗಾಲನ್ನು ಊರಿ ಮೈಯನ್ನು ಎತ್ತಿ ಇಳಿಸುವುದು, ಒಂದು ಕಣ್ಣು ಒಂದು ಕಡೆ ಮತ್ತೊಂದು ಕಣ್ಣು ಮತ್ತೊಂದು ಕಡೆ ಹೊರಳುವುದು, ಹುಳುವನ್ನು ಕಂಡಾಗ ಇಡೀ ಮೈ ಒಂದು ಗೆರೆಯಂತೆ ಬಿಗಿಯುವುದು, ಇವನ್ನೆಲ್ಲ ಅವರೇ ಕಂಡು ಅವರವರ ಮಾತಿನಲ್ಲೇ ಬರೆಯಲಿ. ಅದೃಷ್ಟವಿದ್ದರೆ ಹೆಣ್ಣು ನೆಲ ಕೆದರಿ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೋಗುವುದೂ ಕಾಣಸಿಗುತ್ತದೆ. ಕಾಗುಣಿತ ತಿದ್ದುವ ಅವಸರ ಬೇಡ. ಯಾವ ಮಗು ಏನು ಕಂಡಿತು ಎಂಬುದನ್ನು ಮಾತ್ರ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ.

ನಿಮ್ಮ ತಾಲ್ಲೂಕಿನಲ್ಲೇ ಕಗ್ಗಲಡು ಇದೆ. ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ, ಊರಿನವರು ಅವುಗಳ ತಂಟೆಗೆ ಹೋಗುವುದಿಲ್ಲ. ಹಕ್ಕಿಗಳಿರುವ ತಿಂಗಳಲ್ಲಿ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿಯ ಮಕ್ಕಳು ನಿಮ್ಮ ಮಕ್ಕಳೊಡನೆ ಮಾತಾಡಲಿ. ಹಿಕ್ಕೆಯ ವಾಸನೆ, ಮರಿಗಳ ಗದ್ದಲ, ಗೂಡಿನಿಂದ ಬೀಳುವ ಮೀನಿನ ಚೂರುಗಳು, ಎಲ್ಲವನ್ನೂ ಅವರ ಬಾಯಿಂದಲೇ ಕೇಳಲಿ.

ಅದಾದ ಮೇಲೆ ಕಲ್ಲ ನಾಗರದ ವಚನವನ್ನು ಕಪ್ಪು ಹಲಗೆಯ ಮೇಲೆ ಬರೆಯಿರಿ, "ನಾಗರ" ಎಂಬಲ್ಲಿ ಏನು ಹಾಕಬಹುದು ಎಂದು ಅವರನ್ನೇ ಕೇಳಿ. ಅವರು ಬರೆದ ಹಾಳೆಗಳನ್ನು ತಿದ್ದದೆ ಈ ಅಂಕಣದ ವಿಳಾಸಕ್ಕೆ ಕಳುಹಿಸಿಕೊಡಿ. ಮುಂದಿನ ಮಳೆಗಾಲದ ಸಂಚಿಕೆಯಲ್ಲಿ ಎರಡು ಪುಟಗಳನ್ನು ಅವಕ್ಕಾಗಿ ಖಾಲಿ ಇಟ್ಟಿರುತ್ತೇನೆ.